ಐಸ್ ಹಾಕಿಯ ಚಿಕ್ಕ ಲೀಗುಗಳು, ದೊಡ್ಡ ತಂಡಗಳ ನಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಪೆನ್ಸಿಲ್ವೇನಿಯಾದ ಹರ್ಷಿ ಊರಿಗೆ ನಮ್ಮ ಮನೆಯಿಂದ ಕಾರಿನಲ್ಲಿ ಇಪ್ಪತ್ತೈದು ನಿಮಿಷ. ಚಳಿಗಾಲದ ಶನಿವಾರ ಸಂಜೆ ನಾನು ಬೇಕೆಂದರೆ ಅಲ್ಲಿನ ಜೈಂಟ್ ಸೆಂಟರ್‌ನಲ್ಲಿ ಹುಡುಕಬೇಕು. ಊರಿನಿಂದ ಫೋನ್ ಮಾಡುವವರು, ಕನ್ನಡ ಕೂಟದಲ್ಲಿ ಸಿಗುವವರು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗರು, ಎಲ್ಲರೂ ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳನ್ನು. ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ. ಇಲ್ಲಿರುವ ಲೆಕ್ಕಗಳು 2025-26ರ ಸೀಸನ್‌ಗೆ ಸಂಬಂಧಪಟ್ಟವು.

ಹಾಕಿ ಅಂದರೆ ನಮ್ಮ ಕೊಡಗಿನ ಹಾಕಿನಾ?

ಅಲ್ಲ. ಇದು ಮಂಜುಗಡ್ಡೆಯ ಮೇಲೆ ಸ್ಕೇಟ್ ಹಾಕಿಕೊಂಡು ಆಡುವ ಆಟ. ಚೆಂಡಿನ ಜಾಗದಲ್ಲಿ ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ ಇರುತ್ತದೆ. ಗೋಲ್‌ಕೀಪರ್ ಸೇರಿ ಒಂದು ಕಡೆ ಆರು ಜನ. ಅಮೆರಿಕ, ಕೆನಡಾದಲ್ಲಿ ಸುಮ್ನೆ ಹಾಕಿ ಅಂದರೆ ಇದೇ.

ಇದರಲ್ಲಿ ಎಷ್ಟು ಮೆಟ್ಟಿಲುಗಳಿವೆ?

ಮೇಲೆ ಎನ್‌ಎಚ್‌ಎಲ್ (ನ್ಯಾಷನಲ್ ಹಾಕಿ ಲೀಗ್), 32 ತಂಡಗಳು. ಅದರ ಕೆಳಗೆ ಎಎಚ್‌ಎಲ್ (ಅಮೆರಿಕನ್ ಹಾಕಿ ಲೀಗ್), ಅಲ್ಲೂ 32 ತಂಡಗಳು. ಮೇಲಿನ ಒಂದೊಂದು ತಂಡಕ್ಕೂ ಕೆಳಗೆ ಒಂದೊಂದು ಜೋಡಿ. ಅದಕ್ಕೂ ಕೆಳಗೆ ಇಸಿಎಚ್‌ಎಲ್. 1988ರಲ್ಲಿ ಪೂರ್ವ ಕರಾವಳಿಯ ಲೀಗ್ ಎಂದು ಶುರುವಾದದ್ದು, ಆಮೇಲೆ ಪಶ್ಚಿಮಕ್ಕೂ ಹಬ್ಬಿದ ಮೇಲೆ ಬರೀ ಆ ನಾಲ್ಕು ಅಕ್ಷರವನ್ನೇ ಹೆಸರಾಗಿ ಉಳಿಸಿಕೊಂಡಿತು.

ಇನ್ನೂ ಕೆಳಗೆ ಎಸ್‌ಪಿಎಚ್‌ಎಲ್ ಥರದ ಲೀಗುಗಳಿವೆ. ಅವಕ್ಕೆ ಎನ್‌ಎಚ್‌ಎಲ್ ಜೊತೆ ಅಧಿಕೃತ ನಂಟಿಲ್ಲ.

ಎನ್‌ಎಚ್‌ಎಲ್‌ನಲ್ಲಿ ಈಗ ಆಡುವವರಲ್ಲಿ ಹತ್ತಿರ ಹತ್ತಿರ ನೂರಕ್ಕೆ ತೊಂಬತ್ತು ಜನ ಎಎಚ್‌ಎಲ್‌ನಲ್ಲಿ ಆಡಿಯೇ ಮೇಲೆ ಹೋದವರು. ಟಿವಿಯಲ್ಲಿ ಕಾಣುವ ಆಟಗಾರ ಎಲ್ಲೋ ಒಂದು ಸಣ್ಣ ಊರಿನ ಜನರ ಕಣ್ಣೆದುರು ಬೆಳೆದವನು ಅನ್ನುವುದನ್ನು ಮೊದಲು ತಲೆಯಲ್ಲಿಟ್ಟುಕೊಳ್ಳಿ. ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ನಂಟು ಅಂದರೆ ಏನು? ಕ್ರಿಕೆಟ್ ಉದಾಹರಣೆ ಕೊಟ್ಟು ಹೇಳಿ.

ನಮ್ಮ ಆರ್‌ಸಿಬಿ ತಂಡಕ್ಕೆ ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಇನ್ನೊಂದು ತಂಡ ಇದೆ ಅಂದುಕೊಳ್ಳಿ. ಬೆಂಗಳೂರಿನ ಹನ್ನೊಂದರಲ್ಲಿ ಜಾಗ ಸಿಗದ ಹುಡುಗರು ಬೆಂಚ್ ಮೇಲೆ ಕೂತು ನೀರಿನ ಬಾಟಲಿ ಹೊರುವ ಬದಲು ಹುಬ್ಬಳ್ಳಿಯಲ್ಲಿ ನಿಜವಾದ ಲೀಗಿನಲ್ಲಿ, ಟಿಕೆಟ್ ತಗೊಂಡು ಬಂದ ಜನರ ಮುಂದೆ ವಾರಕ್ಕೆ ಮೂರು ಪಂದ್ಯ ಆಡುತ್ತಾರೆ. ಬೆಂಗಳೂರಿನಲ್ಲಿ ಯಾರಿಗೋ ಗಾಯವಾದರೆ ಬೆಳಿಗ್ಗೆ ಫೋನ್ ಬರುತ್ತದೆ, ಹುಡುಗ ಬ್ಯಾಗ್ ಎತ್ತಿಕೊಂಡು ಹೊರಡುತ್ತಾನೆ, ರಾತ್ರಿ ಚಿನ್ನಸ್ವಾಮಿಯಲ್ಲಿ ಆಡುತ್ತಾನೆ. ಕ್ರಿಕೆಟ್‌ನಲ್ಲಿ ಹೀಗಿಲ್ಲ. ಇಲ್ಲಿ ದಿನಾ ಹೀಗೇ ನಡೆಯುತ್ತದೆ.

ನಮ್ಮ ಹರ್ಷಿ ಬೇರ್ಸ್ ತಂಡಕ್ಕೆ ಮೇಲಿನದು ವಾಷಿಂಗ್ಟನ್ ಕ್ಯಾಪಿಟಲ್ಸ್, ಕೆಳಗಿನದು ಇಸಿಎಚ್‌ಎಲ್‌ನ ಸೌತ್ ಕ್ಯಾರೊಲಿನಾ ಸ್ಟಿಂಗ್‌ರೇಸ್. ಹರ್ಷಿಯಿಂದ ವಾಷಿಂಗ್ಟನ್‌ಗೆ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ. ಬೆಳಿಗ್ಗೆ ಇಲ್ಲಿ ಪ್ರಾಕ್ಟೀಸ್ ಮಾಡಿದವನು ಸಂಜೆ ಅಲ್ಲಿ ಆಡಬಹುದು.

ಸಂಬಳ ಯಾರು ಕೊಡುತ್ತಾರೆ? ಮಾಲೀಕರು ಯಾರು?

ಅರ್ಧಕ್ಕಿಂತ ಜಾಸ್ತಿ ಎಎಚ್‌ಎಲ್ ತಂಡಗಳನ್ನು ಈಗ ಮೇಲಿನ ತಂಡದವರೇ ಇಟ್ಟುಕೊಂಡಿದ್ದಾರೆ. ಟೊರಾಂಟೊ ಮಾರ್ಲೀಸ್, ಲವಾಲ್ ರಾಕೆಟ್, ಸ್ಯಾನ್ ಹೊಸೆ ಬಾರಕುಡ ಎಲ್ಲ ಹಾಗೇ. ಉಳಿದವು ಬೇರೆಯವರ ಆಸ್ತಿ. ಹರ್ಷಿ ಬೇರ್ಸ್ ಇರುವುದು ಹರ್ಷಿ ಚಾಕೊಲೇಟ್ ಬಳಗದ ಮನರಂಜನಾ ಕಂಪನಿಯ ಕೈಯಲ್ಲಿ. ಮಿಲ್ವಾಕಿ, ಗ್ರ್ಯಾಂಡ್ ರಾಪಿಡ್ಸ್, ಸಿರಾಕ್ಯೂಸ್ ಥರದ ಊರುಗಳಲ್ಲೂ ಸ್ವಂತ ಮಾಲೀಕರಿದ್ದಾರೆ.

ಸ್ವಂತ ಮಾಲೀಕರಿದ್ದ ಕಡೆ ಎರಡೂ ಕಡೆಯವರು ಕೆಲವು ವರ್ಷಗಳ ಒಪ್ಪಂದ ಮಾಡಿಕೊಳ್ಳುತ್ತಾರೆ. ಆಟಗಾರರನ್ನು, ಸಾಮಾನ್ಯವಾಗಿ ಕೋಚ್‌ನನ್ನೂ ಮೇಲಿನವರು ಕಳುಹಿಸುತ್ತಾರೆ. ಟಿಕೆಟ್ ಮಾರುವುದು, ಅರೀನಾ ನೋಡಿಕೊಳ್ಳುವುದು, ಊರಿನ ಜನರನ್ನು ಹತ್ತಿರ ಇಟ್ಟುಕೊಳ್ಳುವುದು ಕೆಳಗಿನವರ ಕೆಲಸ. ಯಾರು ಆಡಬೇಕು, ಯಾರು ಎಷ್ಟು ಹೊತ್ತು ಐಸ್ ಮೇಲಿರಬೇಕು ಅನ್ನುವುದರಲ್ಲಿ ಮೇಲಿನವರ ಮಾತೇ ನಡೆಯುತ್ತದೆ.

ಹೆಸರು ಒಂದೇ ಇರಬೇಕಲ್ವಾ?

ಕಡ್ಡಾಯವಿಲ್ಲ. ಪ್ರಾವಿಡೆನ್ಸ್ ಬ್ರೂಯಿನ್ಸ್, ಅಬ್ಬಟ್ಸ್‌ಫರ್ಡ್ ಕನಕ್ಸ್, ಬೆಲ್‌ವಿಲ್ ಸೆನೆಟರ್ಸ್ ಇವೆಲ್ಲ ಮೇಲಿನವರ ಹೆಸರನ್ನೇ ಇಟ್ಟುಕೊಂಡಿವೆ. ರಾಚೆಸ್ಟರ್ ಅಮೆರಿಕನ್ಸ್ ಬಫಲೊ ಸೇಬರ್ಸ್‌ಗೆ ಆಡಿದರೂ ಹೆಸರು 1956ರಿಂದ ಅದೇ. ಮಿಲ್ವಾಕಿ ಅಡ್ಮಿರಲ್ಸ್ 1998ರಿಂದ ನ್ಯಾಶ್‌ವಿಲ್ ಜೊತೆ ಇದೆ, ಹೆಸರು ಅದಕ್ಕಿಂತ ಹಳೆಯದು.

ನನ್ನ ಮನಸ್ಸು ಸ್ವಂತ ಹೆಸರಿನ ಕಡೆಗೇ. ಹರ್ಷಿ 1938ರಲ್ಲಿ ಎಎಚ್‌ಎಲ್ ಸೇರಿದ್ದು, ಲೀಗ್ ಬಿಡದೆ ಇಷ್ಟು ವರ್ಷ ನಿಂತ ತಂಡ ಇನ್ನೊಂದಿಲ್ಲ. ಆ ಕಾಲದಲ್ಲಿ ಬಾಸ್ಟನ್‌ಗೆ ಆಡಿದೆ, ಆಮೇಲೆ ಪಿಟ್ಸ್‌ಬರ್ಗ್, ಫಿಲಡೆಲ್ಫಿಯಾ, ಕೊಲರಾಡೊ. 2005ರಿಂದ ವಾಷಿಂಗ್ಟನ್. ಫಿಲಡೆಲ್ಫಿಯಾ ನಂಟಿನಲ್ಲಿ 1988ರಲ್ಲಿ ಕಪ್ ಬಂತು, ಕೊಲರಾಡೊ ನಂಟಿನಲ್ಲಿ 1997ರಲ್ಲಿ ಬಂತು, ವಾಷಿಂಗ್ಟನ್ ನಂಟಿನಲ್ಲಿ 2006, 2009, 2010, 2023, 2024. ಒಟ್ಟು 13 ಕಾಲ್ಡರ್ ಕಪ್, ಎಎಚ್‌ಎಲ್ ಗೆದ್ದವರಿಗೆ ಸಿಗುವ ಕಪ್ ಅದು. ಮೇಲಿನವರು ಬದಲಾದರು, ಕರಡಿ ಬದಲಾಗಲಿಲ್ಲ. ನನ್ನ ಪಕ್ಕದ ಸೀಟಿನ ಅಜ್ಜ ಮೂರು ಮೇಲಿನ ತಂಡಗಳ ಕಾಲ ನೋಡಿದ್ದಾರೆ. ಜರ್ಸಿ ಮಾತ್ರ ಒಂದೇ, ತೋಳಿನ ಹತ್ತಿರ ಹೊಲಿಗೆ ಬಿಟ್ಟಿದ್ದನ್ನು ಬೇರೆ ಬಣ್ಣದ ದಾರದಲ್ಲಿ ಹೊಲಿಸಿಕೊಂಡಿದ್ದಾರೆ.

ಆಟಗಾರನನ್ನು ಬೇಕಾದಾಗ ಮೇಲೆ, ಬೇಡವಾದಾಗ ಕೆಳಗೆ ಕಳುಹಿಸಬಹುದಾ?

ಮೇಲೆ ಕರೆಸುವುದು ಸುಲಭ. ಕೆಳಗೆ ಕಳುಹಿಸುವುದೇ ಕಷ್ಟ, ಅದಕ್ಕೆ ವೇವರ್ಸ್ ಎಂಬ ನಿಯಮವಿದೆ.

ಸ್ವಲ್ಪ ಅನುಭವವಾದ ಆಟಗಾರನನ್ನು ಕೆಳಗೆ ಇಳಿಸಬೇಕೆಂದರೆ ಮೊದಲು ಅವನ ಹೆಸರನ್ನು ಉಳಿದ 31 ತಂಡಗಳ ಮುಂದೆ ಇಡಬೇಕು. 24 ಗಂಟೆ ಸಮಯ. ಆ ಹೊತ್ತಿನಲ್ಲಿ ಯಾರಾದರೂ ಬೇಕು ಅಂದರೆ ಅವನು ಅವರ ಪಾಲು, ಇವರಿಗೆ ಬದಲಿಗೆ ಆಟಗಾರ ಸಿಗುವುದಿಲ್ಲ. ಇಬ್ಬರು ಮೂವರು ಕೇಳಿದರೆ ಪಟ್ಟಿಯಲ್ಲಿ ಕೆಳಗಿರುವ ತಂಡಕ್ಕೆ ಮೊದಲ ಹಕ್ಕು. ಯಾರೂ ಕೇಳದಿದ್ದರೆ ಮಾತ್ರ ಎಎಚ್‌ಎಲ್‌ಗೆ ಕಳುಹಿಸಬಹುದು.

ಹೊಸ ಹುಡುಗರಿಗೆ ಇದರಿಂದ ವಿನಾಯಿತಿ ಇದೆ. 18ನೇ ವಯಸ್ಸಿಗೆ ಸಹಿ ಹಾಕಿದ ಸ್ಕೇಟರ್‌ಗೆ (ಗೋಲ್‌ಕೀಪರ್ ಅಲ್ಲದ ಆಟಗಾರನಿಗೆ) ಐದು ಸೀಸನ್ ಅಥವಾ 160 ಎನ್‌ಎಚ್‌ಎಲ್ ಪಂದ್ಯ, ಯಾವುದು ಮೊದಲೋ ಅಲ್ಲಿಯವರೆಗೆ. ವಯಸ್ಸು ಹೆಚ್ಚಾದಂತೆ ಈ ಅವಧಿ ಕಮ್ಮಿಯಾಗುತ್ತದೆ, ಗೋಲ್‌ಕೀಪರ್‌ಗಳಿಗೆ ಲೆಕ್ಕ ಬೇರೆ. ಅದಕ್ಕೇ ಅಕ್ಟೋಬರ್ ಮೊದಲ ವಾರದಲ್ಲಿ ಚೆನ್ನಾಗಿ ಆಡಿದ ಹುಡುಗ ಕೆಳಗೆ ಬರುತ್ತಾನೆ, ಅವನಿಗಿಂತ ಸಪ್ಪೆಯಾಗಿ ಆಡಿದ ಹಳಬ ಮೇಲೇ ಉಳಿಯುತ್ತಾನೆ. ಹುಡುಗನನ್ನು ಇಳಿಸಿದರೆ ಕಳೆದುಕೊಳ್ಳುವ ಭಯವಿಲ್ಲ, ಹಳಬನನ್ನು ಇಳಿಸಿದರೆ ಬೇರೆಯವರು ಎತ್ತಿಕೊಂಡು ಹೋಗಬಹುದು. "ಇಷ್ಟು ಚೆನ್ನಾಗಿ ಆಡಿದವನನ್ನು ಯಾಕೆ ಕಳುಹಿಸಿದರು" ಎಂದು ಕೇಳುವವರಿಗೆ ಹೆಚ್ಚಿನ ಸಲ ಉತ್ತರ ಇದೇ.

ಸಂಬಳದಲ್ಲಿ ಎಷ್ಟು ವ್ಯತ್ಯಾಸ?

ತುಂಬಾ. 2025-26ರಲ್ಲಿ ಎನ್‌ಎಚ್‌ಎಲ್‌ನ ಕನಿಷ್ಠ ಸಂಬಳವೇ ವರ್ಷಕ್ಕೆ 7,75,000 ಡಾಲರ್. ಸೀಸನ್‌ನ ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 4,000. ಹೊಸ ಹುಡುಗರ ಕಾಂಟ್ರಾಕ್ಟ್ ಎಲ್ಲವೂ ಟೂ-ವೇ, ಅಂದರೆ ಮೇಲಿದ್ದ ದಿನಕ್ಕೆ ಒಂದು ರೇಟು, ಕೆಳಗಿದ್ದ ದಿನಕ್ಕೆ ಇನ್ನೊಂದು. ಕೆಳಗಿನ ರೇಟು ಹೊಸಬರಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್‌ಗಿಂತ ಕಮ್ಮಿ. ಒನ್-ವೇ ಕಾಂಟ್ರಾಕ್ಟ್ ಇದ್ದವನಿಗೆ ಎಲ್ಲಿ ಆಡಿದರೂ ಅದೇ ಹಣ.

ಹತ್ತು ದಿನ ಮೇಲೆ ಹೋಗಿ ಬಂದ ಹುಡುಗ ಒಂದೂ ಗೋಲ್ ಹೊಡೆಯದಿದ್ದರೂ ಮನೆಗೆ ನಲವತ್ತು ಸಾವಿರ ಡಾಲರ್ ತಂದಿರುತ್ತಾನೆ. ಅವನ ಅಪ್ಪ ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅವನನ್ನು ರಿಂಕ್‌ಗೆ ಕರೆದುಕೊಂಡು ಹೋದ ವರ್ಷಗಳನ್ನು ನೆನೆದರೆ ಆ ಹತ್ತು ದಿನ ಎಷ್ಟು ದೊಡ್ಡದು ಗೊತ್ತಾಗುತ್ತದೆ.

ದುಬಾರಿ ಆಟಗಾರನನ್ನು ಕೆಳಗೆ ಬಚ್ಚಿಟ್ಟು ಸಂಬಳದ ಮಿತಿ ತಪ್ಪಿಸಬಹುದಂತೆ?

ಒಂದು ತಂಡ ಆಟಗಾರರ ಸಂಬಳಕ್ಕೆ ಒಟ್ಟು ಇಷ್ಟೇ ಖರ್ಚು ಮಾಡಬೇಕು ಅನ್ನುವುದೇ ಆ ಮಿತಿ. ಅದನ್ನು ತಪ್ಪಿಸುವುದು ಒಂದು ಕಾಲದಲ್ಲಿ ಆಗುತ್ತಿತ್ತು. ನ್ಯೂಯಾರ್ಕ್ ರೇಂಜರ್ಸ್ 2008ರಲ್ಲಿ ವೇಡ್ ರೆಡನ್ ಎಂಬ ಡಿಫೆಂಡರ್‌ಗೆ ಆರು ವರ್ಷಕ್ಕೆ 39 ಮಿಲಿಯನ್ ಡಾಲರ್ ಕಾಂಟ್ರಾಕ್ಟ್ ಕೊಟ್ಟರು. ಅಂದುಕೊಂಡ ಹಾಗೆ ಆಗಲಿಲ್ಲ. 2010ರಲ್ಲಿ ಹಾರ್ಟ್‌ಫರ್ಡ್‌ನ ಎಎಚ್‌ಎಲ್ ತಂಡಕ್ಕೆ ಕಳುಹಿಸಿದರು, ಎರಡು ಸೀಸನ್ ಅವನು ಅಲ್ಲೇ ಆಡಿದ. ಸಂಬಳ ಪೂರ್ತಿ ಸಿಕ್ಕಿತು, ಆದರೆ ಅದು ಮೇಲಿನ ತಂಡದ ಮಿತಿಯ ಲೆಕ್ಕಕ್ಕೆ ಬರಲಿಲ್ಲ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2013ರ ಒಪ್ಪಂದದಲ್ಲಿ ಈ ದಾರಿ ಮುಚ್ಚಿದರು. ಈಗ ಕೆಳಗಿದ್ದವನ ಸಂಬಳದಲ್ಲಿ ಒಂದು ಮೊತ್ತದವರೆಗೆ ಮಾತ್ರ ಮಿತಿಯಿಂದ ಕಳೆಯುತ್ತಾರೆ, ಉಳಿದದ್ದು ತಲೆ ಮೇಲೇ ಇರುತ್ತದೆ.

ಎರಡು ವರ್ಷವೂ ಅವನು ಬೇಸರ ತೋರಿಸದೆ ಪಕ್ಕದ ಹುಡುಗರಿಗೆ ಕಲಿಸಿದ ಅನ್ನುವ ಮಾತನ್ನು ಆಗ ಅಲ್ಲಿ ನೋಡಿದವರಿಂದ ಕೇಳಿದ್ದೇನೆ.

ಒಂದು ತಂಡಕ್ಕೆ ಎಷ್ಟು ಆಟಗಾರರು?

ಎನ್‌ಎಚ್‌ಎಲ್ ಪಟ್ಟಿಯಲ್ಲಿ 23 ಜನ, ಪಂದ್ಯಕ್ಕೆ ಇಳಿಯುವುದು 20. ಒಟ್ಟು ಎನ್‌ಎಚ್‌ಎಲ್ ಕಾಂಟ್ರಾಕ್ಟ್ 50 ಮೀರುವಂತಿಲ್ಲ. ಉಳಿದವರಲ್ಲಿ ಹೆಚ್ಚಿನವರು ಎಎಚ್‌ಎಲ್‌ನಲ್ಲಿರುತ್ತಾರೆ.

ಎಎಚ್‌ಎಲ್‌ನಲ್ಲಿ ಆಡುವವರೆಲ್ಲ ಮೇಲಿನ ತಂಡದವರೇ ತಾನೇ?

ಇಲ್ಲ, ಇಲ್ಲಿ ತುಂಬಾ ಜನ ತಪ್ಪು ತಿಳಿಯುತ್ತಾರೆ. ಕೆಲವರದು ಬರೀ ಎಎಚ್‌ಎಲ್ ಕಾಂಟ್ರಾಕ್ಟ್. ಅಂಥವನನ್ನು ಮೇಲೆ ಆಡಿಸಬೇಕಾದರೆ ಮೊದಲು ಎನ್‌ಎಚ್‌ಎಲ್ ಕಾಂಟ್ರಾಕ್ಟ್‌ಗೆ ಸಹಿ ಆಗಬೇಕು. ಅಲ್ಲಿಯವರೆಗೆ ಮೇಲಿನ ತಂಡಕ್ಕೆ ಅವನ ಮೇಲೆ ಹಕ್ಕಿಲ್ಲ, ಯಾವ ತಂಡ ಬೇಕಾದರೂ ಬಂದು ಕೇಳಬಹುದು.

ಲೋಗನ್ ಥಾಂಪ್ಸನ್ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಯಾರೂ ಆರಿಸದ ಗೋಲ್‌ಕೀಪರ್, ಕೆನಡಾದ ಒಂದು ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದ. 2019ರಲ್ಲಿ ಹರ್ಷಿಯವರು ಎಎಚ್‌ಎಲ್ ಕಾಂಟ್ರಾಕ್ಟ್ ಕೊಟ್ಟರು. ಆ ಸೀಸನ್‌ನಲ್ಲಿ ಅವನು ಆಡಿದ್ದು ಹೆಚ್ಚಾಗಿ ಕೆಳಗೆ, ಸ್ಟಿಂಗ್‌ರೇಸ್‌ನಲ್ಲಿ. ಅದು ಮುಗಿದ ಮೇಲೆ ವೇಗಸ್ ತಂಡ ಎನ್‌ಎಚ್‌ಎಲ್ ಕಾಂಟ್ರಾಕ್ಟ್ ಹಿಡಿದು ಬಂತು, ಅವನು ಹೋದ. 2020-21ರಲ್ಲಿ ಎಎಚ್‌ಎಲ್‌ನ ಅತ್ಯುತ್ತಮ ಗೋಲ್‌ಕೀಪರ್ ಆದ. 2024ರಲ್ಲಿ ವಾಷಿಂಗ್ಟನ್‌ನವರು ಮೂರನೇ ಸುತ್ತಿನ ಎರಡು ಡ್ರಾಫ್ಟ್ ಆಯ್ಕೆ ಬಿಟ್ಟುಕೊಟ್ಟು ಅದೇ ಹುಡುಗನನ್ನು ವಾಪಸ್ ತಂದರು. ಒಂದು ಕಾಲದಲ್ಲಿ ಮನೆಯಂಗಳದಲ್ಲೇ ಇದ್ದ!

ಇಸಿಎಚ್‌ಎಲ್ ನೋಡುವ ಹಾಗಿದೆಯಾ?

ಖಂಡಿತ. ಅಲ್ಲಿ ಬಸ್ ಪ್ರಯಾಣ ಜಾಸ್ತಿ, ಸಂಬಳ ತುಂಬಾ ಕಮ್ಮಿ, ಮೂರು ರಾತ್ರಿಯಲ್ಲಿ ಮೂರು ಪಂದ್ಯ ಆಡುವುದೂ ಉಂಟು. ಗೆದ್ದವರಿಗೆ ಕೆಲ್ಲಿ ಕಪ್. ಫ್ಲಾರಿಡಾ ಎವರ್‌ಬ್ಲೇಡ್ಸ್ 2022ರಿಂದ 2024ರವರೆಗೆ ಸತತ ಮೂರು ಸಲ ಗೆದ್ದರು. 2025ರಲ್ಲಿ ಮಾಂಟ್ರಿಯಲ್ ನಂಟಿನ ಟ್ರ್ವಾ-ರಿವಿಯೇರ್ ಲಯನ್ಸ್ ಗೆದ್ದರು. ಮೇಲಕ್ಕೆ ಹೋಗುವವರಲ್ಲಿ ಗೋಲ್‌ಕೀಪರ್‌ಗಳ ಹೆಸರು ಆಗಾಗ ಕೇಳಿಸುತ್ತದೆ. ಒಂದು ತಂಡಕ್ಕೆ ಒಂದೇ ಬಲೆ, ಹಾಗಾಗಿ ಹೆಚ್ಚಿಗೆ ಇದ್ದವನು ಎಲ್ಲಾದರೂ ಕೆಳಗೆ ಹೋಗಿ ಆಡಲೇಬೇಕು.

ಮೇಲಿನ ತಂಡ ಯಾಕೆ ಊರು ಬದಲಾಯಿಸುತ್ತದೆ?

ದೂರ, ದುಡ್ಡು, ಹಿಡಿತ. ಮುಖ್ಯವಾಗಿ ದೂರ.

2015ಕ್ಕೆ ಮೊದಲು ಎಎಚ್‌ಎಲ್ ಹೆಚ್ಚಾಗಿ ಪೂರ್ವದ ಕಡೆಯ ಲೀಗ್. ಲಾಸ್ ಏಂಜಲಿಸ್ ಕಿಂಗ್ಸ್‌ನ ಹುಡುಗರು ನ್ಯೂ ಹ್ಯಾಂಪ್‌ಶೈರ್‌ನ ಮ್ಯಾಂಚೆಸ್ಟರ್‌ನಲ್ಲಿ ಇರುತ್ತಿದ್ದರು. ಮಧ್ಯಾಹ್ನ ಒಬ್ಬನಿಗೆ ಗಾಯವಾದರೆ ಬದಲಿ ಆಟಗಾರ ಖಂಡದ ಆ ತುದಿಯಿಂದ ಈ ತುದಿಗೆ ಹಾರಿ ಬರಬೇಕು. 2015ರ ಜನವರಿಯಲ್ಲಿ ಪಶ್ಚಿಮದ ಐದು ತಂಡಗಳು ಒಟ್ಟಿಗೆ ತೀರ್ಮಾನ ಮಾಡಿದವು. ಮ್ಯಾಂಚೆಸ್ಟರ್, ನಾರ್ಫೋಕ್, ವೂಸ್ಟರ್, ಗ್ಲೆನ್ಸ್ ಫಾಲ್ಸ್, ಒಕ್ಲಹೋಮ ಸಿಟಿ ಈ ಊರುಗಳ ಎಎಚ್‌ಎಲ್ ತಂಡಗಳೆಲ್ಲ ಕ್ಯಾಲಿಫೋರ್ನಿಯಾಗೆ ಹೊರಟವು.

ಮ್ಯಾಂಚೆಸ್ಟರ್‌ನ ಸಂಗತಿ ನೋಡಿ. ಊರಿನವರಿಗೆ ತಂಡ ಹೋಗುತ್ತದೆ ಅಂತ ಜನವರಿಯಲ್ಲೇ ಗೊತ್ತು. ಆದರೂ ಜನ ಬಂದರು, ಹುಡುಗರು ಆಡಿದರು, ಜೂನ್‌ನಲ್ಲಿ ಕಾಲ್ಡರ್ ಕಪ್ ಗೆದ್ದರು. ಕಪ್ ಎತ್ತಿದ ತಂಡ ಮುಂದಿನ ಅಕ್ಟೋಬರ್‌ಗೆ ಕ್ಯಾಲಿಫೋರ್ನಿಯಾದ ಒಂಟಾರಿಯೊದಲ್ಲಿತ್ತು. ಊರಿಗೆ ಬದಲಿಗೆ ಇಸಿಎಚ್‌ಎಲ್ ತಂಡ ಕೊಟ್ಟರು, ಅದೂ 2019ಕ್ಕೆ ಮುಚ್ಚಿತು.

ನಾರ್ಫೋಕ್‌ಗೆ ಇದಕ್ಕೂ ಮೊದಲೇ ಒಂದು ಪೆಟ್ಟು ಬಿದ್ದಿತ್ತು. 2011-12ರಲ್ಲಿ ಟ್ಯಾಂಪಾ ನಂಟಿನ ನಾರ್ಫೋಕ್ ಅಡ್ಮಿರಲ್ಸ್, ಜಾನ್ ಕೂಪರ್ ಕೋಚ್ ಆಗಿದ್ದಾಗ, ಸತತ 28 ಪಂದ್ಯ ಗೆದ್ದು ಕಪ್ಪನ್ನೂ ಗೆದ್ದಿತು. ಮರು ಸೀಸನ್‌ಗೆ ಟ್ಯಾಂಪಾ ತನ್ನ ನಂಟನ್ನು ಸಿರಾಕ್ಯೂಸ್‌ಗೆ ಬದಲಾಯಿಸಿತು. ಕೋಚ್ ಹೋದರು, ಹುಡುಗರು ಹೋದರು. ಊರಲ್ಲಿ ಬ್ಯಾನರ್ ಒಂದು ಉಳಿಯಿತು.

ಹಾಗಾದರೆ ಹತ್ತಿರ ಬಂದರೆ ಎಲ್ಲರಿಗೂ ಒಳ್ಳೆಯದೇ?

ಯಾರ ಹತ್ತಿರ ಅನ್ನುವುದು ಮುಖ್ಯ. ಅಬ್ಬಟ್ಸ್‌ಫರ್ಡ್ ವ್ಯಾಂಕೂವರ್‌ನಿಂದ ಸುಮಾರು 70 ಕಿಲೋಮೀಟರ್. ಊರು ಪೂರ್ತಿ ವ್ಯಾಂಕೂವರ್ ಕನಕ್ಸ್ ಅಭಿಮಾನಿಗಳು. 2009ರಲ್ಲಿ ಅಲ್ಲಿಗೆ ಎಎಚ್‌ಎಲ್ ತಂಡ ಬಂತು, ಆದರೆ ಅದು ಕ್ಯಾಲ್ಗರಿ ಫ್ಲೇಮ್ಸ್‌ನದು! ವ್ಯಾಂಕೂವರ್‌ಗೂ ಕ್ಯಾಲ್ಗರಿಗೂ ಹಳೇ ಜಿದ್ದು. ಎದುರಾಳಿಯ ಹುಡುಗರನ್ನು ಬೆಳೆಸಲು ಯಾರು ಟಿಕೆಟ್ ತಗೊಳ್ಳುತ್ತಾರೆ? ಸೀಟು ಖಾಲಿ ಬಿದ್ದವು. ನಷ್ಟ ತುಂಬಿಕೊಡುತ್ತೇವೆಂದು ನಗರದವರು ಮಾತು ಕೊಟ್ಟಿದ್ದರಿಂದ ವರ್ಷವರ್ಷ ಕೈಯಿಂದ ಹಣ ಹೋಯಿತು. ಕೊನೆಗೆ 2014ರಲ್ಲಿ ಹಣ ಕೊಟ್ಟೇ ಒಪ್ಪಂದ ಮುರಿದುಕೊಂಡರು.

ಆಗ ವ್ಯಾಂಕೂವರ್‌ನ ಹುಡುಗರು ಎಲ್ಲಿದ್ದರು ಗೊತ್ತಾ? ನ್ಯೂಯಾರ್ಕ್ ರಾಜ್ಯದ ಯೂಟಿಕಾದಲ್ಲಿ, ಖಂಡದ ಇನ್ನೊಂದು ಬದಿ. 2021ರಲ್ಲಿ ವ್ಯಾಂಕೂವರ್ ತನ್ನ ತಂಡವನ್ನು ಅಬ್ಬಟ್ಸ್‌ಫರ್ಡ್‌ಗೇ ತಂದಿತು. ಅದೇ ಊರು, ಅದೇ ಅರೀನಾ. ನಾಲ್ಕೇ ವರ್ಷ, 2025ರ ಜೂನ್‌ನಲ್ಲಿ ಷಾರ್ಲಟ್ ಚೆಕರ್ಸ್ ವಿರುದ್ಧ ಆರು ಪಂದ್ಯದಲ್ಲಿ ಫೈನಲ್ ಗೆದ್ದು ಕಾಲ್ಡರ್ ಕಪ್ ತಂದರು. ನಂಟು ಸರಿಯಾದ ಕಡೆ ಕೂಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಾನು ಎಲ್ಲರಿಗೂ ಹೇಳುವ ಊರು ಇದು.

ನಂಟೇ ಇಲ್ಲದೆ ಒಂದು ತಂಡ ನಡೆಯಬಹುದಾ?

ಶಿಕಾಗೊ ವುಲ್ವ್ಸ್ ಪ್ರಯತ್ನ ಮಾಡಿದರು. 2022ರಲ್ಲಿ ಕ್ಯಾರೊಲಿನಾ ನಂಟಿನಲ್ಲಿ ಕಪ್ ಗೆದ್ದಿದ್ದರು. ಅವರಿಗೆ ಅನುಭವಿಗಳನ್ನು ಕಟ್ಟಿಕೊಂಡು ಗೆಲ್ಲುವ ಆಸೆ, ಮೇಲಿನವರಿಗೆ ಹುಡುಗರನ್ನು ಆಡಿಸುವ ಆಸೆ. 2023-24ರಲ್ಲಿ ಯಾರ ನಂಟೂ ಬೇಡವೆಂದು ಒಂಟಿಯಾಗಿ ಆಡಿದರು. 1994-95ರ ನಂತರ ಎಎಚ್‌ಎಲ್‌ನಲ್ಲಿ ಹಾಗೆ ಆಡಿದ ಮೊದಲ ತಂಡ. ಪ್ಲೇಆಫ್‌ಗೆ ಹೋಗಲಾಗಲಿಲ್ಲ. ಅತ್ತ ಕ್ಯಾರೊಲಿನಾದವರು ತಮ್ಮ ಹುಡುಗರನ್ನು ಬೇರೆ ಬೇರೆ ತಂಡಗಳಿಗೆ ಸಾಲ ಕೊಡಬೇಕಾಯಿತು. ಮರು ಸೀಸನ್‌ಗೆ ಎರಡೂ ಕಡೆಯವರು ಮತ್ತೆ ಕೈ ಜೋಡಿಸಿದರು.

ಇಬ್ಬರದೂ ತಪ್ಪಲ್ಲ ಅನ್ನುವುದು ನನ್ನ ಅಭಿಪ್ರಾಯ. ಟಿಕೆಟ್ ಕೊಂಡವನು ಗೆಲುವು ಕೇಳುತ್ತಾನೆ, ಅದು ಅವನ ಹಕ್ಕು. ಲೀಗಿನವರು ಇದಕ್ಕೆ ಒಂದು ಗೆರೆ ಹಾಕಿದ್ದಾರೆ: ಪಂದ್ಯಕ್ಕೆ ಇಳಿಯುವ 18 ಸ್ಕೇಟರ್‌ಗಳಲ್ಲಿ ಕನಿಷ್ಠ 13 ಜನ ಹೆಚ್ಚು ಪಂದ್ಯ ಆಡಿರದ, ಇನ್ನೂ ಬೆಳೆಯುತ್ತಿರುವ ಆಟಗಾರರಾಗಿರಬೇಕು. ಉಳಿದ ಐದು ಜಾಗ ಹಳಬರಿಗೆ.

ಮೇಲಿನ ತಂಡಕ್ಕೆ ಜೋಡಿ ಸಿಗದೆ ಹೋದದ್ದುಂಟಾ?

ಉಂಟು. 2017ರಲ್ಲಿ ವೇಗಸ್ ಹೊಸ ತಂಡವಾಗಿ ಬಂದಾಗ ಮೇಲೆ 31, ಕೆಳಗೆ 30. ಸೇಂಟ್ ಲೂಯಿಸ್ ಬ್ಲೂಸ್‌ಗೆ ಆ ವರ್ಷ ಸ್ವಂತ ಜೋಡಿ ಇರಲಿಲ್ಲ. ಅವರ ಗೋಲ್‌ಕೀಪರ್ ಜೋರ್ಡನ್ ಬಿನ್ನಿಂಗ್ಟನ್‌ಗೆ ಆಡಲು ಜಾಗವಿಲ್ಲ. ಸಾಲವಾಗಿ ಕಳುಹಿಸಿದ್ದು ಎಲ್ಲಿಗೆ? ಬಾಸ್ಟನ್‌ನವರ ಪ್ರಾವಿಡೆನ್ಸ್ ತಂಡಕ್ಕೆ. ಅವರ ಜರ್ಸಿಯಲ್ಲೇ 2017-18 ಆಡಿದ.

ಮುಂದಿನ ಸೀಸನ್‌ನಲ್ಲಿ, 2019ರ ಜನವರಿ ಶುರುವಿನಲ್ಲಿ, ಬ್ಲೂಸ್ ಇಡೀ ಲೀಗಿಗೆ ಕೊನೆಯ ಸ್ಥಾನದಲ್ಲಿತ್ತು. ಬೇರೆ ದಾರಿ ಕಾಣದೆ ಇವನನ್ನು ನಿಲ್ಲಿಸಿದರು. ಜನವರಿ 7ರಂದು ಫಿಲಡೆಲ್ಫಿಯಾ ಎದುರು ಮೊದಲ ಬಾರಿ ಶುರುವಿನಿಂದ ನಿಂತ, ಒಂದೂ ಗೋಲ್ ಬಿಡಲಿಲ್ಲ. ಜೂನ್‌ನಲ್ಲಿ ಬ್ಲೂಸ್ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಿತು, ಫೈನಲ್‌ನಲ್ಲಿ ಏಳನೇ ಪಂದ್ಯ, ಎದುರಿಗೆ ಅದೇ ಬಾಸ್ಟನ್. ಒಂದು ವರ್ಷದ ಹಿಂದೆ ಅವನಿಗೆ ಆಡಲು ಜಾಗ ಕೊಟ್ಟವರು!

ಕೋಚ್‌ಗಳೂ ಹೀಗೇ ಮೇಲೆ ಹೋಗುತ್ತಾರಾ?

ಹೋಗುತ್ತಾರೆ. 2006ರಲ್ಲಿ ಹರ್ಷಿಗೆ ಕಪ್ ತಂದ ಬ್ರೂಸ್ ಬೂಡ್ರೋ 2007ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಕೋಚ್ ಆದರು, ಅದೇ ಸೀಸನ್‌ನಲ್ಲಿ ಎನ್‌ಎಚ್‌ಎಲ್‌ನ ಅತ್ಯುತ್ತಮ ಕೋಚ್ ಪ್ರಶಸ್ತಿ ಗೆದ್ದರು. ಸ್ಪೆನ್ಸರ್ ಕಾರ್ಬರಿ ಮೂರೂ ಮೆಟ್ಟಿಲು ಹತ್ತಿದವರು: ಮೊದಲು ಸ್ಟಿಂಗ್‌ರೇಸ್, ಆಮೇಲೆ ಹರ್ಷಿ, ನಡುವೆ ಟೊರಾಂಟೊದಲ್ಲಿ ಸಹಾಯಕ, 2023ರಿಂದ ವಾಷಿಂಗ್ಟನ್. ಅತ್ಯುತ್ತಮ ಕೋಚ್ ಪ್ರಶಸ್ತಿಯನ್ನು ಮೂರೂ ಲೀಗಿನಲ್ಲಿ ಗೆದ್ದಿದ್ದಾರೆ, ಕೊನೆಯದು 2025ರಲ್ಲಿ.

ಭಾರತೀಯ ಮೂಲದವರು ಯಾರಾದರೂ ಇದ್ದಾರಾ?

ಇದ್ದಾರೆ. ಅಬ್ಬಟ್ಸ್‌ಫರ್ಡ್‌ನ ಕಪ್ ಗೆದ್ದ ತಂಡದ ಕೋಚ್ ಮ್ಯಾನಿ ಮಲ್ಹೋತ್ರಾ, ಅಪ್ಪನ ಕಡೆಯಿಂದ ಪಂಜಾಬಿ. ಅದೇ ತಂಡದಲ್ಲಿ ಅರ್ಶ್‌ದೀಪ್ ಬೈನ್ಸ್, ಹತ್ತಿರದ ಸರ್ರಿಯವನು. ಡ್ರಾಫ್ಟ್‌ನಲ್ಲಿ ಯಾರೂ ಆರಿಸಿರಲಿಲ್ಲ, ಜೂನಿಯರ್ ಲೀಗಿನಲ್ಲಿ ಎಲ್ಲರಿಗಿಂತ ಜಾಸ್ತಿ ಪಾಯಿಂಟ್ ಗಳಿಸಿದ ಮೇಲೆ ವ್ಯಾಂಕೂವರ್ ಕರೆಯಿತು. ಅಬ್ಬಟ್ಸ್‌ಫರ್ಡ್, ಸರ್ರಿ ಎರಡರಲ್ಲೂ ಪಂಜಾಬಿಗಳು ತುಂಬಾ ಇದ್ದಾರೆ. ತಮ್ಮ ಮನೆಯ ಮಾತಾಡುವ ಹುಡುಗ ಐಸ್ ಮೇಲಿದ್ದಾಗ ಆ ಊರಿನ ಮಕ್ಕಳಿಗೆ ಹೇಗನಿಸುತ್ತದೆ ಅಂತ ನಾನು ಆಗಾಗ ಯೋಚಿಸುತ್ತೇನೆ.

ಗೋಲ್‌ಕೀಪರ್‌ಗಳಿಬ್ಬರಿಗೂ ಗಾಯವಾದರೆ?

ಅರೀನಾದಲ್ಲಿ ಒಬ್ಬ ತುರ್ತು ಗೋಲ್‌ಕೀಪರ್ ಕೂತಿರುತ್ತಾನೆ, ಎರಡೂ ತಂಡಕ್ಕೆ ಸೇರಿ. 2020ರ ಫೆಬ್ರವರಿ 22ರಂದು ಟೊರಾಂಟೊದಲ್ಲಿ ಕ್ಯಾರೊಲಿನಾದ ಇಬ್ಬರೂ ಬಿದ್ದರು. ಡೇವಿಡ್ ಏರ್ಸ್ ಇಳಿದರು. ವಯಸ್ಸು 42, ಕೆಲಸ ಐಸ್ ಸಮ ಮಾಡುವ ಜಾಂಬೋನಿ ಗಾಡಿ ಓಡಿಸುವುದು, ಮಾರ್ಲೀಸ್ ಪ್ರಾಕ್ಟೀಸ್‌ನಲ್ಲಿ ಬಲೆ ಮುಂದೆ ನಿಲ್ಲುವ ಅಭ್ಯಾಸ. ಮೊದಲ ಎರಡು ಹೊಡೆತ ಒಳಗೆ ಹೋದವು. ಆಮೇಲಿನ ಎಂಟನ್ನೂ ತಡೆದರು. ಕ್ಯಾರೊಲಿನಾ 6-3ಕ್ಕೆ ಗೆದ್ದಿತು.

ಚೆನ್ನಾಗಿ ಆಡುವವನು ನಡುವೆ ಎದ್ದು ಹೋದರೆ ನಿಮಗೆ ಬೇಜಾರಾಗಲ್ವಾ?

ಆಗುತ್ತದೆ. ಪ್ಲೇಆಫ್‌ ಹೊತ್ತಿಗೆ ಹೋದರೆ ಜಾಸ್ತಿ ಆಗುತ್ತದೆ. ಆದರೆ 2018ರಲ್ಲಿ ವಾಷಿಂಗ್ಟನ್ ಸ್ಟ್ಯಾನ್ಲಿ ಕಪ್ ಗೆದ್ದಾಗ ಬಲೆ ಮುಂದೆ ನಿಂತಿದ್ದ ಬ್ರೇಡನ್ ಹೋಲ್ಟ್‌ಬಿ, ಡಿಫೆಂಡರ್ ಜಾನ್ ಕಾರ್ಲ್‌ಸನ್ ಇಬ್ಬರೂ ಹರ್ಷಿಯಲ್ಲಿ ಆಡಿ ಹೋದವರು. ಟಿವಿ ಮುಂದೆ ಕೂತು "ಇವನನ್ನು ನಾವು ಮೊದಲೇ ನೋಡಿದ್ದೆವು" ಅಂದುಕೊಂಡ ಊರಿನವರ ಖುಷಿಗೆ ಬೇರೆ ಹೆಸರು ಹುಡುಕಬೇಕಾಗಿಲ್ಲ.

ಮೊದಲ ಸಲ ಬರುವವರು ಯಾವ ಪಂದ್ಯಕ್ಕೆ ಬರಬೇಕು?

ಹರ್ಷಿಗಾದರೆ ಟೆಡ್ಡಿ ಬೇರ್ ರಾತ್ರಿಗೆ. ಎಲ್ಲರೂ ಹೊಸ ಗೊಂಬೆಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ಬೇರ್ಸ್ ಮೊದಲ ಗೋಲ್ ಹೊಡೆಯುವವರೆಗೆ ಕಾಯಬೇಕು. ಪಕ್ ಬಲೆಗೆ ಬಿದ್ದ ಕ್ಷಣ ಮೇಲಿನ ಸಾಲುಗಳಿಂದ ಗೊಂಬೆಗಳ ಮಳೆ. ನಾಲ್ಕನೇ ಸಾಲಿನಲ್ಲಿದ್ದ ನಮ್ಮ ತಲೆ ಮೇಲೆ ಮೃದುವಾಗಿ ಏನೇನೋ ಬೀಳುತ್ತಲೇ ಇತ್ತು, ಕೆಳಗೆ ಬಿದ್ದದ್ದನ್ನು ಎತ್ತಿ ಮತ್ತೆ ಗಾಜಿನ ಆಚೆ ಎಸೆಯಬೇಕು. ನನ್ನ ಮಗಳು ತನ್ನ ಕೈಯಲ್ಲಿದ್ದ ಕಂದು ಕರಡಿಯನ್ನು ಬಿಡಲೋ ಬೇಡವೋ ಅಂತ ಎರಡು ನಿಮಿಷ ಎದೆಗೆ ಒತ್ತಿಕೊಂಡು ನಿಂತಳು, ಆಮೇಲೆ ಕಣ್ಣು ಮುಚ್ಚಿ ಎಸೆದಳು. ಗಾಜು ದಾಟಲಿಲ್ಲ. ಮುಂದಿನ ಸಾಲಿನ ಹುಡುಗನೊಬ್ಬ ಎತ್ತಿ ದಾಟಿಸಿದ. ಐಸ್ ಕಾಣದಷ್ಟು ಗೊಂಬೆ, ಆಟಗಾರರೇ ಮೊಣಕಾಲೂರಿ ರಾಶಿ ಹಾಕುತ್ತಾರೆ. ಎಲ್ಲವೂ ಸುತ್ತಮುತ್ತಲಿನ ಸೇವಾ ಸಂಸ್ಥೆಗಳ ಮೂಲಕ ಮಕ್ಕಳಿಗೆ ಹೋಗುತ್ತವೆ. 2025ರ ಜನವರಿ 5ರಂದು ಎಣಿಸಿದಾಗ 1,02,343 ಆಗಿತ್ತು. ಅರೀನಾದಲ್ಲಿ ಹಿಡಿಸುವುದು ಹತ್ತೂವರೆ ಸಾವಿರ ಜನ!

ಊರಿನಲ್ಲಿ ಕೂತು ನೋಡಬಹುದಾ?

ಎಎಚ್‌ಎಲ್, ಇಸಿಎಚ್‌ಎಲ್ ಎರಡೂ ಫ್ಲೋಹಾಕಿ ಎಂಬ ಆನ್‌ಲೈನ್ ಸೇವೆಯಲ್ಲಿ ಬರುತ್ತವೆ, ಹಣ ಕಟ್ಟಬೇಕು. ಚಳಿಗಾಲದಲ್ಲಿ ಇಲ್ಲಿ ಸಂಜೆ ಏಳು ಅಂದರೆ ಅಲ್ಲಿ ಮರುದಿನ ಬೆಳಿಗ್ಗೆ ಐದೂವರೆ. ನಮ್ಮ ಅಪ್ಪ ಮೈಸೂರಿನಲ್ಲಿ ಹಾಲು ಬರುವ ಮುಂಚೆ ಮೊದಲ ಪೀರಿಯಡ್ ನೋಡಿ ಮುಗಿಸುತ್ತಾರೆ. ಆಮೇಲೆ ನನಗೆ ಮೆಸೇಜ್ ಬರುತ್ತದೆ: "ಆ ಇಪ್ಪತ್ತೆರಡನೇ ನಂಬರ್ ಹುಡುಗನನ್ನು ಮೇಲಿನವರು ಕರೆದುಕೊಂಡು ಹೋಗ್ತಾರೆ ನೋಡು."